ರೀಡಿಂಗು ಹೊಂದಿಸಿ ಬರೆಯಿರಿ

ತಾಳಿ, ಪುಟ ತಿರುವಬೇಡಿ. ಕೆಮಿಸ್ಟ್ರಿ ಎಂಬ ಪದ ಕಂಡ ಕೂಡಲೇ ಮುಂದಿನ ಬರಹಕ್ಕೆ ಹಾರುವವರು ನಮ್ಮಲ್ಲಿ ಬಹಳ. ಇವತ್ತೊಂದು ದಿನ ಕೂತು ಕೇಳಿ. ಇದರಲ್ಲಿರುವುದು ಒಂದು ಬಾವಿ, ಒಂದು ಗಾಜಿನ ಕೊಳವೆ, ಒಂದು ಸುಳ್ಳು. ಅರ್ಥವಾಗದಂಥದ್ದು ಏನೂ ಇಲ್ಲ. ಅರ್ಥವಾದ ಮೇಲೆ ನಿಮಗೂ ನನ್ನಷ್ಟೇ ಸಿಟ್ಟು ಬರದಿದ್ದರೆ ನನ್ನ ಬರವಣಿಗೆಯದೇ ತಪ್ಪು ಅಂದುಕೊಳ್ಳುತ್ತೇನೆ.

ನಾನು ಹರಿಹರದ ಒಂದು ಆಫೀಸಿನಲ್ಲಿ ಟೈಪಿಸ್ಟು. ಹೋದ ವಾರ ಮೆಷಿನ್ನಿನ ರಿಬ್ಬನ್ ತರಲು ದಾವಣಗೆರೆಗೆ ಹೋಗಿದ್ದೆ. ಅಂಗಡಿಯಿಂದ ಸ್ಟೇಷನ್ನಿಗೆ ಹತ್ತಿರವಾಗುತ್ತದೆಂದು ನಾನು ಓದಿದ ಕಾಲೇಜಿನ ಹಿಂದಿನ ಓಣಿಯಲ್ಲಿ ಬಂದೆ. ಅಲ್ಲೊಬ್ಬ ಹೆಂಗಸು ಬಾಗಿಲ ಮುಂದೆ ಬಟ್ಟೆ ನೆನೆಸುತ್ತಿದ್ದಳು. ಬಿಸಿನೀರಿಗೆ ಬಟ್ಟೆ ಸೋಡಾ ಬಿದ್ದಾಗ ಏಳುವ ಆ ವಾಸನೆ, ಮೂಗಿನ ತುದಿ ಚುರುಗುಟ್ಟಿಸುವಂಥದ್ದು, ನನ್ನನ್ನು ಅಲ್ಲೇ ನಿಲ್ಲಿಸಿಬಿಟ್ಟಿತು. ಬೇರೆಯವರಿಗೆ ಹಳೆಯ ವಾಸನೆಗಳಿಂದ ಕಣ್ಣು ತೇವವಾಗುತ್ತದಂತೆ. ನಾನು ಹಲ್ಲು ಕಚ್ಚಿಕೊಂಡೆ. ನನ್ನ ಪಿ.ಯು.ಸಿ. ವರ್ಷ ಪೂರ್ತಿ ಆ ಬಕೆಟ್ಟಿನಲ್ಲಿತ್ತು.

ಆ ವರ್ಷ ನಾನೂ ಗಿರಿಜಾಳೂ ದಿನಾ ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಹೋಗುತ್ತಿದ್ದೆವು. ಗಿರಿಜಾ ನಮ್ಮ ಓಣಿಯವಳೇ, ಹೈಸ್ಕೂಲಿನಿಂದ ಒಂದೇ ಬೆಂಚು. ನನಗೆ ಬೇಕಾಗಿದ್ದದ್ದು ಒಂದೇ: ಮುಂದೆ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ. ಆ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹುಡುಗಿಯರಿಗೆಂದು ಬಿಟ್ಟಿದ್ದ ಜಾಗ ಬಹಳ ಕಡಿಮೆ. ಯಾರಿಗೆ ಕೊಡಬೇಕೆಂಬುದನ್ನು ಪಿ.ಯು.ಸಿ. ಪ್ರಾಕ್ಟಿಕಲ್ಲಿನ ಅಂಕ ನೋಡಿ ತೀರ್ಮಾನಿಸುತ್ತಿದ್ದರು. ನಮ್ಮಪ್ಪನಿಗೆ ಬಟ್ಟೆ ಅಂಗಡಿ. ಅವರು ಒರಟರಲ್ಲ. ವರ್ಷದ ಮೊದಲೇ ಸ್ಪಷ್ಟವಾಗಿ ಹೇಳಿದ್ದರು.

"ಕೆಮಿಸ್ಟ್ರಿ ಸಿಕ್ರೆ ಓದವ್ವ, ನಾ ಬ್ಯಾಡ ಅನ್ನಲ್ಲ. ಸಿಗಲಿಲ್ಲ ಅಂದ್ರೆ ಟೈಪಿಂಗ್ ಕಲಿ. ಸುಮ್ನೆ ಮೂರು ವರ್ಷ ರೈಲಿನಾಗೆ ಓಡಾಡಿ ಏನ್ ಮಾಡ್ತಿ?"

ಹಾಗಾಗಿ ನನ್ನ ಮುಂದಿನದ್ದೆಲ್ಲ ಆ ಲ್ಯಾಬಿನಲ್ಲಿತ್ತು. ಲ್ಯಾಬ್ ಇದ್ದದ್ದು ವಿರೂಪಾಕ್ಷಯ್ಯ ಸರ್ ಕೈಯಲ್ಲಿ.

ಸರ್ ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದರು, ಸೀಮೆಸುಣ್ಣಕ್ಕೂ ಕಾಗದ ಸುತ್ತಿ ಹಿಡಿಯುತ್ತಿದ್ದರು. ಟೈಟ್ರೇಷನ್ ಲೆಕ್ಕವನ್ನು ಅವರು ಕಲಿಸಿದ ರೀತಿ ಹೀಗೆ: ಬೋರ್ಡಿನ ಮೇಲೆ 'ಎನ್ ಒನ್ ವಿ ಒನ್ ಈಕ್ವಲ್ಸ್ ಎನ್ ಟು ವಿ ಟು' ಎಂದು ಬರೆದರು, ಕೆಳಗೆ ಎರಡು ಗೆರೆ ಎಳೆದರು, "ಬರ್ಕೊಳ್ರಿ, ಇಷ್ಟೇ ಐತೆ" ಅಂದರು. ಎನ್ ಅಂದರೆ ಏನು, ಯಾಕೆ ಗುಣಿಸಬೇಕು, ಒಂದು ಕಡೆಯದು ಇನ್ನೊಂದು ಕಡೆಗೆ ಯಾಕೆ ಸಮ ಆಗಬೇಕು, ಒಂದು ಮಾತಿಲ್ಲ. ಕೇಳಿದ್ದಕ್ಕೆ, "ಪರೀಕ್ಷೆಗೆ ಯಾಕ ಅಂತ ಕೇಳಲ್ಲಮ್ಮ, ಎಷ್ಟು ಅಂತ ಕೇಳ್ತಾರೆ" ಅಂದರು. ಕ್ಲಾಸು ನಕ್ಕಿತು.

ನಾನೇ ಕಲಿತೆ. ಮನೆಯಲ್ಲಿ ಅವ್ವ ಪಾನಕ ಮಾಡುವಾಗ ನೋಡುತ್ತಾ ಕೂತಿದ್ದೆ. ಬೆಲ್ಲ ಜಾಸ್ತಿ ಬಿದ್ದು ಗಟ್ಟಿಯಾದರೆ ಅವ್ವ ಅದಕ್ಕೆ ಇನ್ನೊಂದು ಲೋಟ ನೀರು ಸುರಿಯುತ್ತಾಳೆ. ಒಂದು ಲೋಟ ಇದ್ದದ್ದು ಎರಡು ಲೋಟ ಆಗುತ್ತದೆ, ಸಿಹಿ ಅರ್ಧ ಆಗುತ್ತದೆ, ಆದರೆ ಒಳಗಿನ ಬೆಲ್ಲ ಅಷ್ಟೇ. ಎಷ್ಟು ಗಟ್ಟಿ ಅನ್ನುವುದನ್ನು ಎಷ್ಟು ಲೋಟ ಅನ್ನುವುದರಿಂದ ಗುಣಿಸಿದರೆ ಎಷ್ಟು ಬೆಲ್ಲ ಅನ್ನುವುದು ಬರುತ್ತದೆ. ಎನ್ ಅಂದರೆ ಗಟ್ಟಿತನ, ವಿ ಅಂದರೆ ಲೋಟ. ಒಂದು ಬಟ್ಟಲಿನಲ್ಲಿ ಸೋಡಾ, ಇನ್ನೊಂದರಲ್ಲಿ ಆಸಿಡ್. ಇದರಲ್ಲಿರುವುದು ಅದರಲ್ಲಿರುವುದನ್ನು ಸರಿಯಾಗಿ ತೀರಿಸಿದ ಕ್ಷಣದಲ್ಲಿ ಎರಡೂ ಕಡೆಯ ಗುಣಾಕಾರ ಸಮ. ಇದು ಹೊಳೆದ ದಿನ ನಾನು ರೈಲಿನಲ್ಲಿ ಗಿರಿಜಾಳ ಮಂಡಕ್ಕಿ ಪೊಟ್ಟಣ ಕಸಿದು ಪಕ್ಕಕ್ಕಿಟ್ಟು ಪೂರ್ತಿ ವಿವರಿಸಿದೆ.

"ಹಂಗಾದ್ರೆ ಪರೀಕ್ಷೆನಾಗೆ ಎನ್ ಅಂದ್ರೆ ಬೆಲ್ಲ ಅಂತ ಬರೀಲೇನು?" ಅಂದಳು.

"ಬರಿ. ಸರ್ ಬರೆಸಿದ್ದಕ್ಕಿಂತ ಅದೇ ವಾಸಿ."

"ಹೆಸರು ಶಾಂತಾ, ಬಾಯಿ ಮಾತ್ರ ಆಸಿಡ್. ಮಂಡಕ್ಕಿ ಕೊಡು ಇತ್ಲಾಗೆ."

ಮಳೆಗಾಲದ ಕೊನೆಯಲ್ಲಿ ಮೊದಲ ಟೈಟ್ರೇಷನ್ ಮಾಡಿದೆವು. ನೋಡದವರಿಗೆ ಹೇಳುತ್ತೇನೆ. ಬಟ್ಟೆ ಸೋಡಾದ್ದೇ ಶುದ್ಧ ರೂಪವನ್ನು ತೂಕ ಮಾಡಿ ನೀರಿನಲ್ಲಿ ಕರಗಿಸಬೇಕು. ಅದರಲ್ಲಿ ಇಪ್ಪತ್ತು ಮಿಲಿಲೀಟರನ್ನು ಪಿಪೆಟ್ಟಿನಲ್ಲಿ ಅಳೆದು ಫ್ಲಾಸ್ಕಿಗೆ ಬಿಟ್ಟು, ಮಿಥೈಲ್ ಆರೆಂಜ್ ಎಂಬ ಬಣ್ಣದ ಒಂದೆರಡು ಹನಿ ಹಾಕಿದರೆ ಹಳದಿ ಆಗುತ್ತದೆ. ಮೇಲೆ ಬ್ಯುರೆಟ್ಟು, ಅಂದರೆ ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆ, ಅದರಲ್ಲಿ ಆಸಿಡ್. ತಿರುಪು ಸಡಿಲಿಸಿ ಹನಿ ಹನಿ ಬಿಡುತ್ತಾ ಫ್ಲಾಸ್ಕು ಅಲ್ಲಾಡಿಸಬೇಕು. ಹಳದಿ, ಹಳದಿ, ಹಳದಿ, ಆಮೇಲೆ ಒಂದೇ ಒಂದು ಹನಿಗೆ ಇಡೀ ಫ್ಲಾಸ್ಕು ಕೆಂಪಡರುತ್ತದೆ. ಅಲ್ಲಿ ನಿಲ್ಲಿಸಿ, ಎಷ್ಟು ಆಸಿಡ್ ಇಳಿಯಿತೆಂದು ಗೆರೆ ಓದಬೇಕು. ಅದೇ ರೀಡಿಂಗು. ಅದರಿಂದ ಆಸಿಡ್ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಬೇಕು. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಓಕುಳಿ ಕೆಂಪಾಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಆದರೆ ಒಂದು ಹನಿ ಮುಂಚೆ ಇಲ್ಲ, ಒಂದು ಹನಿ ನಂತರ ಇದೆ ಅನ್ನುವಂತೆ ಬಣ್ಣ ತಿರುಗುವುದನ್ನು ನೋಡಿದ್ದು ಆಗಲೇ. ನನಗೆ ಸರಿಯಾಗಿ ಇಪ್ಪತ್ತು ಬಂತು. ಸರಿಯಾದ ಉತ್ತರವೂ ಅದೇ. ಆ ಸಂಜೆ ಸ್ಟೇಷನ್ನಿನವರೆಗೆ ನನ್ನ ಕಾಲು ನೆಲಕ್ಕೆ ತಾಗಿದ ನೆನಪಿಲ್ಲ.

ದಸರೆ ರಜೆ ಮುಗಿಸಿ ಬಂದಾಗ ಲ್ಯಾಬಿನ ಮೂಲೆಯಲ್ಲಿದ್ದ ನೀರಿನ ಭಟ್ಟಿ, ನೀರನ್ನು ಕುದಿಸಿ ಆವಿಯನ್ನು ಮತ್ತೆ ನೀರು ಮಾಡುವ ತಾಮ್ರದ ಪಾತ್ರೆ, ತಳ ತೂತಾಗಿ ಬೋರಲು ಬಿದ್ದಿತ್ತು. ಡಿಸ್ಟಿಲ್ಡ್ ವಾಟರ್ ಎಂದು ಬರೆದ ದೊಡ್ಡ ಗಾಜಿನ ಬಾಟಲಿ ಮಾತ್ರ ಎಂದಿನಂತೆ ತುಂಬಿತ್ತು. ಅಟೆಂಡರ್ ಹನುಮಂತಪ್ಪ ಕಾಲೇಜಿನ ಹಿತ್ತಲ ಬಾವಿಯಿಂದ ಸೇದಿ, ಪಂಚೆಯಲ್ಲಿ ಸೋಸಿ, ಅದಕ್ಕೆ ತುಂಬುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಸರ್ ತುಂಬು ಅಂದಿದ್ದರು, ತುಂಬುತ್ತಿದ್ದ. ನಾವು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೀರು ನೀರೇ ತಾನೆ.

ದೀಪಾವಳಿ ಹೊತ್ತಿಗೆ ನನ್ನ ರೀಡಿಂಗು ಇಪ್ಪತ್ತು ದಾಟಿತು. ಕೈ ತಪ್ಪಿತು ಅಂದುಕೊಂಡೆ. ಸಂಕ್ರಾಂತಿಗೆ ಇಪ್ಪತ್ತೊಂದೂ ದಾಟಿತು. ಆ ವರ್ಷ ಬಿಸಿಲು ಬೇಗ ಬಂತು. ಮೂಡಗಾಳಿಗೆ ಮೈದಾನದ ಕಪ್ಪು ಮಣ್ಣು ಬಿರುಕು ಬಿಟ್ಟು, ಮಧ್ಯಾಹ್ನದ ಲ್ಯಾಬಿನಲ್ಲಿ ಬ್ಯುರೆಟ್ಟು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಹನುಮಂತಪ್ಪನ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಬಿತ್ತು. ಬಾವಿ ಇಳಿದಂತೆ ನನ್ನ ರೀಡಿಂಗು ಏರುತ್ತಿತ್ತು. ಶಿವರಾತ್ರಿ ಬರುವಷ್ಟರಲ್ಲಿ ಇಪ್ಪತ್ತೆರಡು ಪಾಯಿಂಟ್ ಒಂದು. ಮತ್ತೆ ಮಾಡಿದರೂ ಅದೇ, ಮತ್ತೂ ಮಾಡಿದರೂ ಅದೇ.

ಎಲ್ಲರಿಗೂ ಹಾಗೇ ಬರುತ್ತಿತ್ತು. ಆದರೆ ಎಲ್ಲರೂ ಇಪ್ಪತ್ತು ಎಂದೇ ಬರೆಯುತ್ತಿದ್ದರು. ಬರೆಯಿರಿ ಅಂದವರು ಸರ್.

"ರೀಡಿಂಗ್ ಹತ್ತಿರ ಬರಲಿಲ್ಲ ಅಂದ್ರೆ ಗಾಬರಿ ಆಗಬ್ಯಾಡ್ರಿ. ಉತ್ತರದಿಂದ ಹಿಂದಕ್ಕೆ ಬರ್ರಿ. ಹೊಂದಿಸ್ಕೊಳ್ರಿ."

ಹೊಂದಿಸ್ಕೊಳ್ರಿ. ಈ ಪದ ನನಗೆ ಹೊಸದಲ್ಲ. ಪ್ರೈಮರಿ ಸ್ಕೂಲಿನ ಪರೀಕ್ಷೆಯಲ್ಲಿ 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆ ಇರುತ್ತಿತ್ತು, ಈ ಕಡೆ ಹಸು, ಆ ಕಡೆ ಕರು, ನಡುವೆ ಗೆರೆ. ಆ ಹೊಂದಿಸುವುದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ನಮ್ಮಕ್ಕನನ್ನು ಗಂಡನ ಮನೆಗೆ ಕಳಿಸುವಾಗ ಬಂದವರೆಲ್ಲ ಅವಳ ತಲೆ ಸವರಿ "ಹೊಂದ್ಕೊಂಡು ಹೋಗವ್ವ" ಅಂದಿದ್ದು ಕೇಳಿದ್ದೆ. ಆ ಹೊತ್ತಿನ ಅಕ್ಕನ ಮುಖವನ್ನು ನೋಡಿ ಈ ಪದಕ್ಕೆ ಇನ್ನೊಂದು ಅರ್ಥ ಇದೆ ಅನ್ನಿಸಿತ್ತು. ಲ್ಯಾಬಿನಲ್ಲಿ ಅದೇ ಅರ್ಥ ಬ್ಯುರೆಟ್ಟಿಗೂ ಬಂತು. ಗಾಜಿನ ಮೇಲೆ ಗೆರೆ ಕೊರೆದು ಇಟ್ಟಿದ್ದಾರೆ, ಅದು ಇಪ್ಪತ್ತೆರಡು ಅನ್ನುತ್ತಿದೆ, ಕಣ್ಣು ನೋಡುತ್ತಿದೆ, ಕೈ ಮಾತ್ರ ಇಪ್ಪತ್ತು ಎಂದು ಬರೆಯಬೇಕು. ಹಾಗಾದರೆ ಆ ಹನಿಗಳನ್ನು ಎಣಿಸುತ್ತಾ ಬಿಸಿಲಿನಲ್ಲಿ ನಿಲ್ಲುವುದಾದರೂ ಯಾಕೆ?

ರೀಡಿಂಗು ಯಾಕೆ ಏರುತ್ತಿದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಒಗೆಯುವ ಕಲ್ಲಿನ ಹತ್ತಿರ. ದಾವಣಗೆರೆಯಲ್ಲಿ ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ ಮನೆ ಇತ್ತು. ಒಂದು ದಿನ ಲ್ಯಾಬ್ ಬೇಗ ಮುಗಿದಿತ್ತು, ಅಲ್ಲಿಗೆ ಹೋದಾಗ ಬಟ್ಟೆ ಒಗೆಯುವುದಕ್ಕೆ ಕೈ ಜೋಡಿಸಿದೆ. ಅವರದೂ ಬಾವಿ ನೀರು. ನಾನು ಸೋಡಾ ಹಾಕಿದೆ, ನೀರು ಮಜ್ಜಿಗೆಯ ತಿಳಿಯಂತೆ ಬೆಳ್ಳಗಾಯಿತು. ನಮ್ಮ ಹರಿಹರದಲ್ಲಿ ಹೊಳೆ ನೀರಿಗೆ ಎಷ್ಟು ಸೋಡಾ ಹಾಕಿದರೂ ಹೀಗೆ ಆಗುವುದಿಲ್ಲ.

"ಚಿಗವ್ವ, ಇದ್ಯಾಕ ಹಿಂಗಾತು?"

"ಸವಳು ನೀರಲ್ಲೇನೇ. ನಿಮ್ಮ ಹೊಳೆ ನೀರೆಲ್ಲಿಂದ ತರಾಣ. ಇನ್ನೊಂದು ಹಿಡಿ ಹಾಕು, ಮಾತಾಡ್ತಾ ನಿಲ್ಲಬ್ಯಾಡ."

ನಾನು ಹಿಡಿಯಲ್ಲಿ ಸೋಡಾ ಹಿಡಿದುಕೊಂಡು ನಿಂತೇಬಿಟ್ಟೆ. ಲ್ಯಾಬಿನಲ್ಲಿ ನಮ್ಮ ಸೋಡಾ ದ್ರಾವಣವೂ ಇತ್ತೀಚೆಗೆ ಹೀಗೇ ಮಸುಕಾಗುತ್ತಿತ್ತು. ನೀರಿನೊಳಗೇ ಏನೋ ಇದೆ. ನೀರಿನಲ್ಲಿ ಸುಣ್ಣದ ಅಂಶ ಇದ್ದರೆ ಅದೂ ಆಸಿಡ್ ಕುಡಿಯುತ್ತದೆ. ಸೋಡಾ ತನ್ನ ಪಾಲು ಕುಡಿದ ಮೇಲೆ ನೀರು ತನ್ನ ಪಾಲು ಕುಡಿಯುತ್ತಿದೆ. ತಪ್ಪು ನನ್ನ ಕೈಯದಲ್ಲ.

ಮರುದಿನ ಲ್ಯಾಬ್ ಮುಗಿದ ಮೇಲೆ ಸರ್ ಎದುರಿಗೇ ಮಾಡಿ ತೋರಿಸಿದೆ. ಸೋಡಾ ಇಲ್ಲ, ಏನಿಲ್ಲ. ಆ ದೊಡ್ಡ ಬಾಟಲಿಯ ಬರೀ ನೀರು, ಇಪ್ಪತ್ತು ಮಿಲಿಲೀಟರು. ಮಿಥೈಲ್ ಆರೆಂಜ್ ಹಾಕಿದೆ. ಒಳ್ಳೆಯ ನೀರಾಗಿದ್ದರೆ ಒಂದೆರಡು ಹನಿ ಆಸಿಡ್‌ಗೇ ಕೆಂಪಾಗಬೇಕು. ಆಗಲಿಲ್ಲ. ಹನಿ ಬೀಳುತ್ತಲೇ ಇತ್ತು. ಎರಡು ಪಾಯಿಂಟ್ ಒಂದಕ್ಕೆ ಬಣ್ಣ ತಿರುಗಿತು. ಇಪ್ಪತ್ತೆರಡು ಪಾಯಿಂಟ್ ಒಂದರಲ್ಲಿ ಎರಡು ಪಾಯಿಂಟ್ ಒಂದು ಕಳೆದರೆ ಸರಿಯಾಗಿ ಇಪ್ಪತ್ತು. ಫ್ಲಾಸ್ಕನ್ನು ಸರ್ ಮುಂದೆ ಮೇಜಿನ ಮೇಲೆ ಇಟ್ಟೆ.

"ಸರ್, ಬರೀ ನೀರೇ ಇಷ್ಟು ಕುಡೀತೈತ್ರಿ."

ಸರ್ ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತೈತಮ್ಮ."

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ.

"ಗೊತ್ತೈತ್ರಾ? ಮತ್ತೆ ಆಸಿಡ್ ಯಾವ ನೀರಿನಾಗೆ ಮಾಡ್ತೀರಿ ಸರ್?"

ಅವರು ತಮ್ಮ ಕೋಣೆಯ ಬೀರುವಿನ ಕಡೆ ನೋಡಿದರು. ಅದರ ಗಾಜಿನ ಬಾಗಿಲ ಹಿಂದೆ ಔಷಧ ಅಂಗಡಿಯ ಚೀಟಿ ಹಚ್ಚಿದ ಒಳ್ಳೆಯ ನೀರಿನ ಬಾಟಲಿ ಬೀಗದೊಳಗೆ ಇತ್ತು. "ಅದು ಬ್ಯಾರೆ. ಆಸಿಡ್ ತಪ್ಪಾದ್ರೆ ಎಲ್ಲಾರದೂ ತಪ್ಪಾಗ್ತೈತೆ."

"ಈಗ ಎಲ್ಲಾರದೂ ತಪ್ಪೇ ಆಗಾಕೆ ಹತ್ತೈತಲ್ರಿ."

"ನೋಡಮ್ಮ, ಭಟ್ಟಿ ರಿಪೇರಿಗೆ ಮೇಲಿನವರಿಗೆ ಹೇಳೀನಿ. ಮುಂದಿನ ವರ್ಷ ನೋಡಾಣ ಅಂದಾರೆ. ಎಕ್ಸಾಮಿನರ್ ಬರೋ ಹೊತ್ನಾಗೆ ಬಾವಿ ನೀರು ಅಂತ ಬಾಯಿ ಬಿಟ್ರೆ ಲ್ಯಾಬಿಗೇ ಬೀಗ ಬೀಳ್ತೈತೆ. ನೀ ಜಾಣೆ ಅದಿ. ಗೊತ್ತಾತಲ್ಲ, ಇನ್ನು ಹೊಂದಿಸ್ಕೋ."

ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನನಗೂ ಬಹಳ ಗೊತ್ತಿರಲಿಲ್ಲ, ಈಗಲೂ ಇಲ್ಲ. ಗೊತ್ತಿದ್ದೂ, ತನ್ನ ಬೀರುವಿನಲ್ಲಿ ಒಳ್ಳೆಯ ನೀರು ಇಟ್ಟುಕೊಂಡು, ಇಡೀ ಕ್ಲಾಸಿಗೆ ಕಣ್ಣಿಗೆ ಕಂಡದ್ದನ್ನು ಬರೆಯಬೇಡಿ ಎಂದು ಕಲಿಸಿದರಲ್ಲ, ಅದನ್ನು ನಾನು ಇನ್ನೂ ನುಂಗಿಲ್ಲ. ಅವರಿಗೂ ಮೇಲಿನವರ ಹೆದರಿಕೆ ಇತ್ತು, ಒಪ್ಪುತ್ತೇನೆ. ಆ ಹೆದರಿಕೆಗೆ ದಂಡ ಕಟ್ಟಬೇಕಾದವಳು ನಾನಾಗಿರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದೇ ಟೈಟ್ರೇಷನ್, ಅದೇ ಗಟ್ಟಿತನದ ಆಸಿಡ್ ಬಂತು. ಹಿಂದಿನ ಸಂಜೆ ರೈಲಿನಲ್ಲಿ ಗಿರಿಜಾ ಕೈ ಮುಗಿದು ಹೇಳಿದ್ದಳು, "ನಾಳೆ ಒಂದು ದಿನ ಸುಮ್ನಿರೇ, ಸೀಟು ಸಿಕ್ಕ ಮ್ಯಾಲೆ ಬೇಕಾದ್ರೆ ಬಾವಿಗೇ ಬೆಂಕಿ ಹಚ್ಚು." ನಾನು ಸುಮ್ಮನಿರಲೂ ಇಲ್ಲ, ಜಗಳವನ್ನೂ ಮಾಡಲಿಲ್ಲ. ಸೋಡಾ ದ್ರಾವಣದ ರೀಡಿಂಗು ಬರೆದೆ, ಇಪ್ಪತ್ತೆರಡು ಪಾಯಿಂಟ್ ಒಂದು. ಕೆಳಗೆ ಬರೀ ನೀರಿನ ರೀಡಿಂಗು ಬರೆದೆ, ಎರಡು ಪಾಯಿಂಟ್ ಒಂದು. ಕಳೆದೆ. ಲೆಕ್ಕ ಹಾಕಿದೆ. ಉತ್ತರ ಸರಿಯಾಗಿ ಬಂತು. ಸುಳ್ಳು ಬರೆದವರಿಗೆ ಬಂದ ಉತ್ತರವೇ ನನಗೂ ಬಂದಿತ್ತು, ಆದರೆ ನಾನು ಅಲ್ಲಿಗೆ ನಡೆದುಕೊಂಡು ಬಂದಿದ್ದೆ.

ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ನನ್ನ ಹಾಳೆಯ ಹತ್ತಿರ ನಿಂತರು. ನೀರಿಗೆ ಯಾಕೆ ಟೈಟ್ರೇಷನ್ ಮಾಡಿದೆ ಎಂದು ಕೇಳಿದರು. ನೀರು ಸವಳು ಎಂದೆ. ಅವರು ವಿರೂಪಾಕ್ಷಯ್ಯ ಸರ್ ಕಡೆ ತಿರುಗಿದರು.

"ಏನ್ರೀ, ಡಿಸ್ಟಿಲ್ಡ್ ವಾಟರ್ ಅಲ್ವೇನ್ರೀ ಇದು?"

"ಡಿಸ್ಟಿಲ್ಡೇ ಸರ್," ಅಂದರು ನಮ್ಮ ಸರ್. ನನ್ನ ಕಡೆ ನೋಡಲಿಲ್ಲ. "ಹುಡುಗಿ ಫ್ಲಾಸ್ಕು ಸರಿಯಾಗಿ ತೊಳೆದಿಲ್ಲ, ಅಷ್ಟೇ."

ಎಕ್ಸಾಮಿನರ್ ನಕ್ಕರು. "ಮನೇಲಿ ಪಾತ್ರೆ ತೊಳೆದು ಅಭ್ಯಾಸ ಇಲ್ಲೇನಮ್ಮ?"

ಲ್ಯಾಬೂ ನಕ್ಕಿತು. ನನ್ನ ಜೊತೆ ಅದೇ ಇಪ್ಪತ್ತೆರಡು ಕಂಡವರೆಲ್ಲ ನಕ್ಕರು.

"ಬಾಯಿಗೆ ಹಾಕ್ಕೊಂಡು ನೋಡ್ರಿ ಸರ್. ಉಪ್ಪುಪ್ಪು ಐತೆ," ಅಂದೆ.

"ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬಾರದು. ಅದೂ ಹೇಳಿಕೊಟ್ಟಿಲ್ವಾ ನಿಮಗೆ?" ಎಂದು ಕೆಂಪು ಪೆನ್ಸಿಲ್ ತೆಗೆದು ಬರೀ ನೀರಿನ ರೀಡಿಂಗಿನ ಮೇಲೆ ಅಡ್ಡ ಗೆರೆ ಎಳೆದರು. ಅದು ಹೋದ ಮೇಲೆ ಉಳಿದದ್ದು ಇಪ್ಪತ್ತೆರಡು ಪಾಯಿಂಟ್ ಒಂದು, ಅಂದರೆ ತಪ್ಪು.

ಪಾಸಾದೆ, ಅಷ್ಟೇ. ಸೀಟು ಗಿರಿಜಾಗೆ ಸಿಕ್ಕಿತು. ಅವಳು ಕೆಟ್ಟವಳಲ್ಲ. ಫಲಿತಾಂಶ ನೋಡಿಕೊಂಡು ಬರುವಾಗ ರೈಲಿನಲ್ಲಿ ಅತ್ತವಳು ಅವಳೇ.

"ನೀ ಇಪ್ಪತ್ತು ಅಂತ ಬರ್ದಿದ್ರೆ ಏನ್ ಹೋಗ್ತಿತ್ತು ಶಾಂತಾ?"

"ಎರಡು ಪಾಯಿಂಟ್ ಒಂದು ಹೋಗ್ತಿತ್ತು."

"ಹುಚ್ಚಿ," ಅಂದಳು, ಕಣ್ಣು ಒರೆಸಿಕೊಂಡು.

ಅಪ್ಪ ಒಂದೂ ಬಿರುಸು ಮಾತಾಡದೆ ಮರುವಾರ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಕೆಮಿಸ್ಟ್ರಿಯನ್ನು ನಾನು ಬಿಟ್ಟಿಲ್ಲ. ಹಳೆಯ ಪುಸ್ತಕ ಎಲ್ಲಿ ಸಿಕ್ಕರೂ ತಂದು ಓದುತ್ತೇನೆ, ಲೆಕ್ಕ ಮಾಡುತ್ತೇನೆ. ನಾನು ಪಾನಕ ನೋಡುತ್ತಾ, ಬಟ್ಟೆ ಒಗೆಯುತ್ತಾ ಕಂಡುಕೊಂಡ ಕೆಲಸಕ್ಕೆ ದೊಡ್ಡ ಪುಸ್ತಕಗಳಲ್ಲಿ ಹೆಸರೇ ಇದೆ. ಬ್ಲ್ಯಾಂಕ್ ಟೈಟ್ರೇಷನ್ ಅನ್ನುತ್ತಾರೆ. ನೀರಿನ ಮೇಲೆ ಅನುಮಾನ ಇದ್ದರೆ ಅದನ್ನು ಮಾಡಲೇಬೇಕು ಎಂದು ಅಚ್ಚಾಗಿದೆ. ಅದನ್ನು ಓದಿದ ದಿನ ಖುಷಿಯಾಗಬೇಕಿತ್ತು. ಊಟ ಸೇರಲಿಲ್ಲ.

ಇನ್ನು ಹೋದ ವಾರದ್ದು. ಆ ಓಣಿಯಲ್ಲಿ ಸೋಡಾ ವಾಸನೆಗೆ ನಿಂತವಳು ಹಾಗೇ ಮನೆಗೆ ಹೋಗಲಾರದೆ ಕಾಲೇಜಿನ ಹಿಂದಿನ ಗೇಟಿನಿಂದ ಒಳಗೆ ಹೋದೆ. ಬಾವಿಯ ಹತ್ತಿರ ಹನುಮಂತಪ್ಪ ನೀರು ಸೇದುತ್ತಿದ್ದ. ನನ್ನ ಗುರುತು ಹಿಡಿದ.

"ಚೆನ್ನಾಗಿದೀರೇನವ್ವ? ಬಾಳ ದಿನ ಆತು."

"ಭಟ್ಟಿ ರಿಪೇರಿ ಆತೇನಪ್ಪ?"

"ಆಗ್ತೈತಂತೆ ಕಣವ್ವ," ಅಂದು ಎರಡು ಕೊಡಪಾನ ಹಿಡಿದು ಲ್ಯಾಬಿನ ಕಡೆ ನಡೆದ. ನಾನು ಅವನ ಹಿಂದೆಯೇ ಹೋದೆ. ಕಿಟಕಿಯೊಳಗೆ ಅದೇ ಬೆಂಚುಗಳು, ಅದೇ ದೊಡ್ಡ ಬಾಟಲಿ, ಬ್ಯುರೆಟ್ಟಿನ ಮುಂದೆ ಬೆವರೊರೆಸಿಕೊಳ್ಳುವ ಹೊಸ ಹುಡುಗಿಯರು. ಬೆನ್ನು ಹಾಕಿ ನಿಂತಿದ್ದ ಡೆಮಾನ್‌ಸ್ಟ್ರೇಟರ್ ಮೇಡಂ ಹೇಳುತ್ತಿದ್ದರು:

"ಇಪ್ಪತ್ತೆರಡು ಬಂದ್ರೆ ಗಾಬರಿ ಆಗಬ್ಯಾಡ್ರಿ. ಹೊಂದಿಸ್ಕೊಳ್ರಿ."

ಆ ದನಿ ನನಗೆ ಹೈಸ್ಕೂಲಿನಿಂದ ಗೊತ್ತು. ಗಿರಿಜಾ ತಿರುಗಿ ನೋಡಿದಳು. ಬಿ.ಎಸ್ಸಿ. ಮುಗಿಸಿ ಅವಳು ಇಲ್ಲೇ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಿತ್ತು, ಈ ಮಾತು ಗೊತ್ತಿರಲಿಲ್ಲ. ಹೊರಗೆ ಬಂದು ನನ್ನ ಕೈ ಹಿಡಿದಳು. ಅವಳ ಬೆರಳಿಗೆ ಆಸಿಡ್ಡಿನ ಕಲೆ ಬಿದ್ದಿತ್ತು.

"ಬಾ, ಚಾ ಕುಡಿಯಾಣ."

"ನೀನೂನಾ ಗಿರಿಜಾ?"

"ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ," ಅಂದಳು ಮೆಲ್ಲಗೆ. "ನೀನೇ ಹೇಳು, ನಾ ಏನ್ ಮಾಡ್ಲಿ?"

ನಾನು ಹೇಳಿದೆ. "ಒಳಗೆ ಹೋಗು. ಬರೀ ನೀರಿಗೆ ಆಸಿಡ್ ಬಿಟ್ಟು ಆ ಹುಡುಗೀರಿಗೆ ತೋರ್ಸು. ಇಷ್ಟೇ."

ಅವಳು ನನ್ನ ಕೈ ಬಿಟ್ಟಳು. ಒಳಗೆ ಹೋದಳು. ನಾನು ಕಿಟಕಿಯಲ್ಲಿ ಬಹಳ ಹೊತ್ತು ನಿಂತು ನೋಡಿದೆ. ಅವಳು ಬಾಟಲಿಯನ್ನು ಮುಟ್ಟಲಿಲ್ಲ. ನಾನು ರೈಲಿಗೆ ಬಂದೆ. ತಂದ ಹೊಸ ರಿಬ್ಬನ್ನಿನಲ್ಲಿ ಮೊದಲು ಹೊಡೆದದ್ದೇ ಅಚ್ಚಾಗಿ ನಿಮ್ಮ ಕೈಯಲ್ಲಿರುವ ಈ ಬರಹ.

ಈಗ ನಿಮ್ಮ ಸರದಿ. ಒಂದು ಗಾಜಿನ ಲೋಟದಲ್ಲಿ ನಿಮ್ಮೂರಿನ ಬಾವಿ ನೀರು ತೆಗೆದುಕೊಂಡು ಚಿಟಿಕೆ ಬಟ್ಟೆ ಸೋಡಾ ಹಾಕಿ. ಬೆಳ್ಳಗಾಗುತ್ತದೆಯೋ ಇಲ್ಲವೋ, ಬರೆದು ತಿಳಿಸಿ. ಲ್ಯಾಬಿನಲ್ಲಾಗಲಿ, ಆಫೀಸಿನಲ್ಲಾಗಲಿ, ಮನೆಯಲ್ಲಾಗಲಿ, ನಿಮ್ಮ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೆ ಬರೆ ಎಂದು ನಿಮಗೆ ಯಾರು ಹೇಳಿದರು, ನೀವೇನು ಬರೆದಿರಿ, ಅದನ್ನೂ ಬರೆಯಿರಿ. ಚೆನ್ನಾಗಿ ಬರೆಯಬೇಕೆಂದಿಲ್ಲ. ಎಷ್ಟು ಬಂತೋ ಅಷ್ಟೇ ಬರೆಯಿರಿ. ಹೊಂದಿಸಬೇಡಿ.